ಮೂರನೆಯ ಏಟಿಗೆ ಮೊದಲು

ಫೋನಿನಲ್ಲಿ ಹೂಂ ಅಂದದ್ದು ಅವಳು. ಅದು ಅಪ್ಪನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಅವನು ಬೆಳಿಗ್ಗೆ ಬೇಗ ಎದ್ದು, ಗಡ್ಡ ಹೆರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕನ್ನಡಿಯ ಮುಂದೆ ಕುತ್ತಿಗೆಯ ಬಟ್ಟೆಯ ದಾರ ಕಟ್ಟಿಕೊಳ್ಳುತ್ತಿದ್ದ. ಒಂದು ಗಂಟು ಹಾಕಿ, ಎಳೆದು ನೋಡಿ, ಅದರ ಮೇಲೆ ಇನ್ನೊಂದು ಗಂಟು.

ಆ ಬಟ್ಟೆ ಹೊಲಿದವಳು ಅವಳೇ. ಎಳೆಗೂಸಿನ ಜೊಲ್ಲುಬಟ್ಟೆಯಂಥದ್ದು, ಬಿಳಿ ಹತ್ತಿಯದು. ಅದರ ಮರೆಯಲ್ಲಿ, ಕುತ್ತಿಗೆಯ ಬುಡದಲ್ಲಿ, ಒಂದು ತೂತು. ಗಂಟಲಿನ ಗಡ್ಡೆ ತೆಗೆಯುವಾಗ ಧ್ವನಿಪೆಟ್ಟಿಗೆಯನ್ನೂ ತೆಗೆದು, ಉಸಿರಿಗೆ ಮಾಡಿಕೊಟ್ಟ ದಾರಿ ಅದು. ಆಸ್ಪತ್ರೆಯವರನ್ನು ಬಿಟ್ಟರೆ ಅದನ್ನು ಕಂಡವರು ಅಮ್ಮ ಮತ್ತು ಅವಳು. ಮತ್ತೆ, ಎದುರುಮನೆಯ ಪುಟ್ಟ ಹುಡುಗಿ. ಒಂದು ದಿನ ಬೀದಿಯಲ್ಲಿ ಗಾಳಿ ಬೀಸಿ ಬಟ್ಟೆ ಮೇಲೆದ್ದಾಗ ಅದು ಕಂಡು, ಆ ಕೂಸು ಕಿಟಾರನೆ ಕಿರುಚಿಕೊಂಡು ಓಡಿತ್ತು. ಅಂದಿನಿಂದ ಅಪ್ಪ ಎರಡು ಗಂಟು ಹಾಕುತ್ತಾನೆ. ಮಗು ಬೀದಿಯ ಆ ಬದಿಯಲ್ಲೇ ಆಡುತ್ತದೆ.

ಅಪ್ಪ ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವನು. ಮಾರುಕಟ್ಟೆಗೆಲ್ಲ ಅವನು ‘ಕಹಳೆ’. ಒಂದು ಸಲ, ಎರಡು ಸಲ, ಮೂರು ಸಲ ಎಂದು ಕೂಗಿ ಮರದ ತುಂಡನ್ನು ಮೇಜಿಗೆ ಬಡಿದನೆಂದರೆ ಮುಗಿಯಿತು, ಮಾಲು ಕೈಬದಲಾಯಿತು. ಈಗ ಆ ಗಂಟಲಿಲ್ಲ. ತುಟಿ ಆಡುತ್ತದೆ, ಸದ್ದು ಬರುವುದಿಲ್ಲ. ಆ ತುಟಿಯನ್ನು ಓದಲು ಬಂದದ್ದು ಅವಳೊಬ್ಬಳಿಗೆ. ಶಾಲೆಯಲ್ಲಿ ಹೆಸರು ಕೇಳಿದರೆ ಕಾಲ ಬೆರಳು ನೋಡುತ್ತಿದ್ದ ಹುಡುಗಿ ಅವಳು. ಮಾತಾಡುವ ಬದಲು ಜನರ ಮುಖ ನೋಡಿಕೊಂಡೇ ಬೆಳೆದವಳಿಗೆ ಅಪ್ಪನ ತುಟಿ ಕಷ್ಟವಾಗಲಿಲ್ಲ. ಶಾಲೆ ಬಿಡಿಸಿದರು. ಈಗ ಅಪ್ಪ ಅದೇ ಮಾರುಕಟ್ಟೆಯಲ್ಲಿ ಟೊಮೆಟೊ ಆರಿಸುತ್ತಾನೆ, ಅವಳು ಪಕ್ಕದಲ್ಲಿ ಕೂತು ಅವನ ಬಾಯಿ ಆಗುತ್ತಾಳೆ. ಅಪ್ಪ ಅವಳನ್ನು ಕರೆಯುವುದು ಗುಬ್ಬಿ ಎಂದು.

ಆದರೆ ಗುಬ್ಬಿಗೆ ಒಂದು ಚಾಳಿ. ಅಪ್ಪನ ಮಾತನ್ನು ಸೋಸಿ ಕೊಡುತ್ತಾಳೆ. ‘ಆ ಕಳ್ಳನಿಗೆ ತಕ್ಕಡಿ ನೆಟ್ಟಗೆ ಹಿಡಿಯೋಕೆ ಹೇಳು’ ಎಂದು ಅಪ್ಪನ ತುಟಿ ಅಂದರೆ, “ಅಣ್ಣ, ತಕ್ಕಡಿ ಒಂಚೂರು ನೋಡ್ಬೇಕಂತೆ” ಎನ್ನುತ್ತಾಳೆ. ಅಪ್ಪನ ಕಿವಿ ಚೆನ್ನಾಗಿಯೇ ಇದೆ. ಮಾತು ಬದಲಾದದ್ದು ಅವನಿಗೆ ಕೇಳಿಸುತ್ತದೆ. ಆಗ ಬೆರಳ ಗೆಣ್ಣಿನಿಂದ ಎದುರಿದ್ದ ಪೆಟ್ಟಿಗೆಗೋ ಮೇಜಿಗೋ ಬಡಿಯುತ್ತಾನೆ. ಒಂದು. ಎರಡು. ಅಂದರೆ, ನಾನಂದದ್ದು ಅದಲ್ಲ, ತಿದ್ದು. ಅವಳು ತಿದ್ದದಿದ್ದರೆ ಸ್ವಲ್ಪ ಕಾದು ಮೂರನೆಯದನ್ನೂ ಬಡಿಯುತ್ತಾನೆ. ಅಲ್ಲಿಗೆ ಹರಾಜಿನ ಲೆಕ್ಕ. ಮಾತು ಹೋಯಿತು, ಇನ್ನು ಹಿಂದಕ್ಕೆ ಪಡೆಯುವಂತಿಲ್ಲ. ಹೆಚ್ಚಿನ ದಿನ ಅಪ್ಪ ನಿಟ್ಟುಸಿರು ಬಿಟ್ಟು ಮೂರನೆಯದನ್ನು ಬಡಿದುಬಿಡುತ್ತಿದ್ದ. ಹೋಗಲಿ ಪಾಪ, ಎಂದು.

ಮೊನ್ನೆ ಫೋನು ಬಂದಾಗ ಅಪ್ಪ ಸ್ನಾನಕ್ಕೆ ಹೋಗಿದ್ದ. ಮಾಡಿದವರು ಡಾಕ್ಟರಮ್ಮ, ಅಪ್ಪನ ಗಂಟಲು ಕೊಯ್ದು ಜೀವ ಉಳಿಸಿದವರು. ಶಾಲೆಯ ಮಕ್ಕಳಿಗೆ ಸಿಗರೇಟಿನ ಬಗ್ಗೆ ವಾರಕ್ಕೊಂದು ಪಾಠ ಇರಬೇಕೆಂದು ಸಂಘ ಕಟ್ಟಿಕೊಂಡು ಶಾಸಕರ ಬಾಗಿಲು ಬಾಗಿಲು ಅಲೆಯುವವರು. ಆ ಪಾಠದ ವಿಷಯ ಶಾಸನಸಭೆಯ ಶಿಕ್ಷಣ ಸಮಿತಿಯ ಮುಂದೆ ಬಂದಿತ್ತು. ಸಮಿತಿಯಲ್ಲಿ ಬೇಕು ಅನ್ನುವವರು ಎಷ್ಟೋ ಬೇಡ ಅನ್ನುವವರೂ ಅಷ್ಟೇ. ಅತ್ತಲೂ ಇಲ್ಲ, ಇತ್ತಲೂ ಇಲ್ಲ ಎಂದು ಉಳಿದವರು ಒಬ್ಬ ಶಾಸಕರು. ಅವರ ಕ್ಷೇತ್ರದಲ್ಲಿ ಸಿಗರೇಟಿನ ಕಾರ್ಖಾನೆ ಇತ್ತು.

“ಅವರು ಅಂಕಿ ಸಂಖ್ಯೆಗೆ ಕರಗೋ ಮನುಷ್ಯ ಅಲ್ಲ ಕಣಮ್ಮ,” ಎಂದರು ಡಾಕ್ಟರಮ್ಮ. “ಕಣ್ಣಾರೆ ನೋಡ್ಬೇಕು. ಅಪ್ಪ ಅವರ ಮುಂದೆ ಬಟ್ಟೆ ತೆಗೆದು ಕುತ್ತಿಗೆ ತೋರಿಸ್ತಾರೆ ತಾನೇ?”

ಅಪ್ಪನ್ನ ಕೇಳಿ ಹೇಳ್ತೀನಿ. ಅಷ್ಟು ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಜೀವ ಉಳಿಸಿದವರು ಕೇಳುತ್ತಿದ್ದಾರೆ. ತಡವರಿಸಿದರೆ ಏನೆಂದುಕೊಳ್ಳುತ್ತಾರೋ. “ಹೂಂ,” ಅಂದುಬಿಟ್ಟಳು. ಶಾಸಕರ ಮುಂದೆ ಮಾತಾಡಲು ಕರೆದಿದ್ದಾರೆ ಎಂದಷ್ಟೇ ಅಪ್ಪನಿಗೆ ತಿಳಿಸಿದಳು.

ಅಂದಿನಿಂದ ಮಡಿಲಲ್ಲಿ ಕೆಂಡ ಕಟ್ಟಿಕೊಂಡ ಹಾಗಾಗಿತ್ತು. ಊಟದ ಹೊತ್ತಿಗೆ ಹೇಳೋಣ ಅಂದುಕೊಂಡಳು, ಅಪ್ಪನಿಗೆ ಕೆಮ್ಮು ಬಂತು. ಬೆಳಿಗ್ಗೆ ಹೇಳೋಣ ಅಂದುಕೊಂಡಳು, ಅಪ್ಪ ಖುಷಿಯಲ್ಲಿದ್ದ. ದೊಡ್ಡವರ ಮುಂದೆ ಒಂದು ಮಾತು ಹೇಳಲಿಕ್ಕಿದೆ ಎಂದು, ಎಷ್ಟೋ ಕಾಲದ ಮೇಲೆ, ಬೂಟಿಗೆ ಪಾಲಿಶ್ ಹಾಕುತ್ತಿದ್ದ. ಆ ಮುಖ ನೋಡಿ ಅವಳಿಗೆ ಬಾಯಿ ಬರಲಿಲ್ಲ. ಈಗ ನೋಡಿದರೆ ಹೊರಡುವ ಹೊತ್ತೇ ಬಂದಿತ್ತು.

ಬಾಗಿಲ ಬಳಿ ಅಮ್ಮ ಅಂದಳು, “ನಿಮ್ಮಪ್ಪ ಅಲ್ಲಿ ಬೈಗುಳ ಉದುರಿಸಿದ್ರೆ ಸೋಸಿ ಕೊಡೇ ತಾಯಿ. ಜರಡಿ ಬೇಕಾದ್ರೆ ಅಡುಗೆಮನೇಲಿದೆ, ತಗೊಂಡ್ಹೋಗು.”

ಅಪ್ಪನ ತುಟಿ ಆಡಿತು. ‘ನಿಮ್ಮಮ್ಮನ ಬಾಯಿಗೂ ಒಂದು ಬಟ್ಟೆ ಹೊಲಿ.’

“ಹೋಗಿ ಬರ್ತೀನಿ ಅಂತಿದ್ದಾನೆ,” ಎಂದಳು ಅವಳು.

“ಅಷ್ಟು ಸಣ್ಣ ಮಾತಿಗೆ ತುಟಿ ಅಷ್ಟು ಹೊತ್ತು ಆಡಲ್ಲ. ನಾನೂ ಇವರ ಜೊತೆ ಬಾಳ್ವೆ ಮಾಡಿದೋಳೇ,” ಎಂದು ಅಮ್ಮ ಒಳಗೆ ಹೋದಳು.

ಬಸ್ಸಿನಲ್ಲಿ ಅಪ್ಪನಿಗೆ ಕಿಟಕಿಯ ಸೀಟು ಸಿಕ್ಕಿತು. ಈಗ ಹೇಳಲೇಬೇಕು. ಇಲ್ಲದಿದ್ದರೆ ಅಲ್ಲಿ, ಎಲ್ಲರ ಎದುರಿಗೆ, ಡಾಕ್ಟರಮ್ಮ ಕೇಳಿಬಿಡುತ್ತಾರೆ. “ಅಪ್ಪಾ,” ಎಂದಳು. ಅಪ್ಪ ತಿರುಗಿದ.

“ಕಿಟಕಿ ಮುಚ್ಚಲಾ? ಧೂಳು.”

ಅಪ್ಪ ಬೇಡವೆಂದು ತಲೆಯಾಡಿಸಿ ಮತ್ತೆ ಹೊರಗೆ ನೋಡತೊಡಗಿದ.

ಶಾಸಕರ ಕಚೇರಿಯ ಹೊರಗೆ ಉದ್ದನೆಯ ಬೆಂಚು, ಅದರ ತುಂಬ ಜನ. ಒಬ್ಬರಿಗೆ ರಸ್ತೆ ಬೇಕು, ಒಬ್ಬರಿಗೆ ವರ್ಗಾವಣೆ ಬೇಕು. ಸಹಾಯಕ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದ. ಒಳಗೆ ಹೋದವರು ಕೈಮುಗಿದುಕೊಂಡು ಹೋಗಿ ಮುಖ ಒರೆಸಿಕೊಳ್ಳುತ್ತ ಬರುತ್ತಿದ್ದರು. ಡಾಕ್ಟರಮ್ಮ ಮೊದಲೇ ಬಂದು ಕೂತಿದ್ದರು. ಮಡಿಲಲ್ಲಿ ದೊಡ್ಡ ಲಕೋಟೆ. ಅದರಿಂದ ಬಣ್ಣದ ಚಿತ್ರಗಳ ತುದಿ ಕಾಣುತ್ತಿತ್ತು. ಸುಟ್ಟ ಬದನೆಕಾಯಿಯಂಥ ಶ್ವಾಸಕೋಶ, ಹುಣ್ಣಾದ ಬಾಯಿ. ಪಾಠದ ಪುಸ್ತಕದಲ್ಲಿ ಹಾಕಬೇಕೆಂದು ಆರಿಸಿಟ್ಟ ಚಿತ್ರಗಳು.

“ಎಲ್ಲಾ ಹೇಳಿದ್ದೀಯ ತಾನೇ ಅಪ್ಪನಿಗೆ?” ಎಂದು ಡಾಕ್ಟರಮ್ಮ ಕಿವಿಯ ಹತ್ತಿರ ಬಂದು ಕೇಳಿದರು. “ಇವತ್ತು ಇವರು ಒಲಿಯದಿದ್ರೆ ಮುಗೀತು. ಇನ್ನೆಷ್ಟು ವರ್ಷ ಕಾಯ್ಬೇಕೋ.”

“ಹೂಂ,” ಎಂದಳು ಅವಳು. ಅದು ಎರಡನೆಯ ಹೂಂ. ಮೊದಲನೆಯದನ್ನು ಮುಚ್ಚಲು ಬಂದದ್ದು.

ಎದ್ದು ಅಪ್ಪನ ಹತ್ತಿರ ಹೋದಳು. ಈಗಲಾದರೂ ಎಂದುಕೊಂಡು. ಅವಳು ಬಾಯಿ ತೆರೆಯುವ ಮೊದಲೇ ಅಪ್ಪನ ತುಟಿ ಆಡಿತು. ‘ಒಂದೇ ಒಂದು ಮಾತು ಹೇಳೋದಿದೆ ಗುಬ್ಬಿ. ಇವತ್ತು ಸೋಸ್ಬೇಡ.’

“ಏನು ಮಾತು?”

‘ಒಳಗೆ ಹೇಳ್ತೀನಿ.’

“ಅಪ್ಪಾ, ನಾನೂ ಒಂದು ಹೇಳ್ಬೇಕು. ಮೊನ್ನೆ...”

“ಡಾಕ್ಟರ್ ಮೇಡಂ, ಬನ್ನಿ,” ಎಂದು ಸಹಾಯಕ ಕರೆದ. “ಬೇಗ ಮುಗಿಸ್ಬೇಕು. ಸಾಹೇಬರು ಸಭೆಗೆ ಹೊರಟಿದ್ದಾರೆ.”

ಕೋಣೆಯಲ್ಲಿ ಪುದೀನದ ಪೆಪ್ಪರಮಿಂಟಿನ ವಾಸನೆ, ಅದರ ಅಡಿಯಲ್ಲಿ ಇನ್ನೊಂದು ವಾಸನೆ. ಗುಬ್ಬಿಯ ಮೂಗಿಗೆ ಅದು ಚೆನ್ನಾಗಿ ಗೊತ್ತು. ಮೊದಲೆಲ್ಲ ಅಪ್ಪನ ಅಂಗಿಗಳಿಗೆ ಇದ್ದದ್ದು ಅದೇ ವಾಸನೆ. ಮೇಜಿನ ಬದಿಗೆ ಒಂದು ಡ್ರಾಯರ್ ಅರ್ಧ ತೆರೆದಿತ್ತು. ಒಳಗಿಂದ ನೂಲಿನಂಥ ಹೊಗೆ.

ಶಾಸಕರು ದಪ್ಪನೆಯ, ಸುಸ್ತಾದ ಮುಖದವರು. “ಕೂತ್ಕೊಳ್ಳಿ ಕೂತ್ಕೊಳ್ಳಿ. ಡಾಕ್ಟರಮ್ಮ, ನೀವು ಬರ್ತೀರಿ ಅಂದ್ರೆ ನನ್ನ ಜೇಬಿಗೇ ನಡುಕ ಬರುತ್ತೆ.”

ಡಾಕ್ಟರಮ್ಮ ನಗಲಿಲ್ಲ. ಚಿತ್ರಗಳನ್ನು ಮೇಜಿನ ಮೇಲೆ ಹರಡಿದರು. ಶಾಸಕರು ಒಂದನ್ನು ನೋಡಿ ಎಲ್ಲವನ್ನೂ ಬೋರಲು ಹಾಕಿದರು.

“ಊಟಕ್ಕೆ ಮೊದಲು ಬೇಡ. ನೋಡಿ, ನಾನು ಬಿಚ್ಚಿ ಹೇಳ್ತೀನಿ. ನನ್ನ ಕ್ಷೇತ್ರದಲ್ಲಿ ಕಾರ್ಖಾನೆ ಸೈರನ್ನಿಗೆ ಏಳೋ ಮನೆಗಳಿವೆ. ಆ ಮಕ್ಕಳಿಗೆ ಇದನ್ನ ತೋರಿಸಿದ್ರೆ ಏನಾಗುತ್ತೆ? ಸಂಜೆ ಕೆಲಸ ಮುಗಿಸಿ ಬಂದ ಅಪ್ಪನ್ನ ಕೊಲೆಗಾರನ ಥರ ನೋಡ್ತವೆ. ನಾಳೆ ಆ ಅಪ್ಪಂದಿರು ನನ್ನ ಮನೆ ಮುಂದೆ ಬಂದು ನಿಂತ್ಕೋತಾರೆ.”

“ಅದಕ್ಕೇ ಇವರನ್ನ ಕರ್ಕೊಂಡು ಬಂದಿದ್ದು. ಇವರ ಮಾತು ಕೇಳಿ,” ಎಂದರು ಡಾಕ್ಟರಮ್ಮ.

ಅಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡ. ತುಟಿ ಆಡಿತು. ಗುಬ್ಬಿ ಅದನ್ನು ಹಿಡಿದು ಅಂದಳು, “ನಾನು ಮಾರುಕಟ್ಟೇಲಿ ಹರಾಜು ಕೂಗ್ತಿದ್ದೆ. ನನ್ನ ಧ್ವನಿ ರೈಲ್ವೆ ಗೇಟಿನವರೆಗೂ ಕೇಳ್ತಿತ್ತು.”

ಶಾಸಕರು ಅವಳ ಸಣ್ಣ ಮೈಯನ್ನು ನೋಡಿದರು. “ನೀನಾ?”

“ಇಲ್ಲ ಸಾರ್. ಅಪ್ಪ.” ಅವಳ ಕಿವಿ ಬಿಸಿಯಾಯಿತು.

ಸಹಾಯಕ ಬಾಗಿಲಿಂದ ಇಣುಕಿ ಕೈಗಡಿಯಾರ ತೋರಿಸಿದ. ಡಾಕ್ಟರಮ್ಮನ ತಾಳ್ಮೆ ಕಿತ್ತುಹೋಯಿತು. “ಕಥೆ ಆಮೇಲೆ ಹೇಳೋಣ. ಒಂದ್ಸಲ ತೋರಿಸಿಬಿಡಿ. ಸಾರ್, ಇವರು ತಮ್ಮ ಕುತ್ತಿಗೆ ತೋರಿಸ್ತಾರೆ. ಮೊದಲೇ ಒಪ್ಪಿದ್ದಾರೆ.”

ಅಪ್ಪನ ಕೈ ತಾನಾಗಿ ಬಟ್ಟೆಯ ಮೇಲೆ ಹೋಯಿತು. ಮುಖ ಮೆಲ್ಲಗೆ ಗುಬ್ಬಿಯ ಕಡೆ ತಿರುಗಿತು. ‘ನಾನು ಒಪ್ಪಿದ್ನಾ?’

“ಏನಂತಾರೆ?” ಎಂದರು ಶಾಸಕರು.

ಮೂರು ಜೊತೆ ಕಣ್ಣುಗಳು ಅವಳ ಮೇಲಿದ್ದವು. ನೆಲ ಬಾಯಿಬಿಟ್ಟರೆ ಒಳಗೆ ಹೋಗಿಬಿಡುತ್ತಿದ್ದಳು. ನೆಲ ಬಾಯಿಬಿಡಲಿಲ್ಲ. “ಅಪ್ಪನಿಗೆ... ಕುಡಿಯೋಕೆ ನೀರು ಬೇಕಂತೆ.”

ಅಪ್ಪ ಮೇಜಿಗೆ ಬಡಿದ. ಟಕ್.

ಶಾಸಕರು ಗಂಟೆ ಒತ್ತಲು ಚಾಚಿದ ಕೈಯನ್ನು ಅಲ್ಲೇ ತಡೆದರು.

ಟಕ್.

ಕೋಣೆಯಲ್ಲಿ ಫ್ಯಾನು ತಿರುಗುವ ಸದ್ದು, ಅಪ್ಪನ ಕುತ್ತಿಗೆಯಿಂದ ಸುಯ್ಯೆನ್ನುವ ಉಸಿರು. ಬೆರಳ ಗೆಣ್ಣು ಮೇಜಿನ ಮೇಲೆ ಎದ್ದು ನಿಂತಿತ್ತು. ಅಪ್ಪನ ಇನ್ನೊಂದು ಕೈ ಆಗಲೇ ಕತ್ತಿನ ಹಿಂದಕ್ಕೆ, ದಾರದ ಗಂಟಿಗೆ ಹೋಗಿತ್ತು. ಅವಳಿಗೆ ಎಲ್ಲ ತಿಳಿಯಿತು. ಮೂರನೆಯದು ಬಿದ್ದರೆ, ಹೋಗಲಿ ಪಾಪ, ಮಗಳು ಮಾತು ಕೊಟ್ಟಿದ್ದಾಳೆ ಎಂದು ಅಪ್ಪ ಗಂಟು ಬಿಚ್ಚುತ್ತಾನೆ. ತೋರಿಸುತ್ತಾನೆ. ಡಾಕ್ಟರಮ್ಮನಿಗೆ ಬೇಕಾದದ್ದು ಸಿಗುತ್ತದೆ, ಬಹುಶಃ ಮಕ್ಕಳಿಗೆ ಪಾಠವೂ ಸಿಗುತ್ತದೆ. ಆಮೇಲೆ ಅಪ್ಪ ಯಾರ ಮುಖವನ್ನೂ ನೆಟ್ಟಗೆ ನೋಡಲಾರ.

ಗೆಣ್ಣು ಕೆಳಗಿಳಿಯತೊಡಗಿತು.

“ನೀರು ಕೇಳ್ಲಿಲ್ಲ,” ಎಂದಳು ಅವಳು. ಧ್ವನಿ ಸೀಳಿ ಬಂತು. “ಅಪ್ಪ ಕೇಳಿದ್ದು, ನಾನು ಒಪ್ಪಿದ್ನಾ ಅಂತ. ಅವನು ಒಪ್ಪಿಲ್ಲ ಸಾರ್. ಅವನಿಗೆ ಗೊತ್ತೇ ಇಲ್ಲ. ಫೋನಲ್ಲಿ ಹೂಂ ಅಂದೋಳು ನಾನು.”

ಡಾಕ್ಟರಮ್ಮ ಅವಳ ಕಡೆ ತಿರುಗಿದರು. “ಆಗಲೇ ಹೊರಗೆ ಕೇಳಿದ್ನಲ್ಲಮ್ಮ.”

“ಆಗಲೂ ನಾನೇ ಅಂದೆ.”

ಅಪ್ಪ ಗಂಟಿನಿಂದ ಕೈ ತೆಗೆದ. ತುಟಿ ಆಡಿತು. ‘ಈಗ ಕೇಳು.’

“ಈಗ ಕೇಳು ಅಂತಿದ್ದಾನೆ,” ಎಂದು ಅವಳು ಮೊದಲು ಅದನ್ನೇ ಹೇಳಿದಳು. ಆಮೇಲೆ ಕೇಳಿದಳು, “ಅಪ್ಪಾ, ಬಟ್ಟೆ ತೆಗೆದು ತೋರಿಸ್ತೀಯಾ?”

ಅಪ್ಪ ಯೋಚಿಸಿದ. ನಿಜವಾಗಿಯೂ ಯೋಚಿಸಿದ. ಶಾಸಕರನ್ನು ನೋಡಿದ, ಬೋರಲು ಬಿದ್ದ ಚಿತ್ರಗಳನ್ನು ನೋಡಿದ. ‘ಇಲ್ಲ.’

“ಇಲ್ವಂತೆ,” ಎಂದಳು.

ಶಾಸಕರು ಹುಬ್ಬೇರಿಸಿ ಕನ್ನಡಕ ತೆಗೆದು ಮಡಿಚಿದರು. ಹೊರಡುವವರ ಹಾಗೆ. ಡಾಕ್ಟರಮ್ಮ ಚಿತ್ರಗಳನ್ನು ಒಟ್ಟು ಮಾಡತೊಡಗಿದರು, ಬೆರಳುಗಳು ಒಂದನ್ನೊಂದು ಎಡವುತ್ತಿದ್ದವು. ಎಲ್ಲ ನೀರಿನಲ್ಲಿ ಹೋಮವಾಯಿತು ಎಂದುಕೊಂಡಳು ಗುಬ್ಬಿ. ತನ್ನಿಂದ. ಅಷ್ಟರಲ್ಲಿ ಅಪ್ಪ ಅಂಗೈಯಿಂದ ಮೇಜನ್ನು ಮೆಲ್ಲಗೆ ತಟ್ಟಿ, ತಡೆಯಿರಿ ಎಂಬಂತೆ ಕೈ ಮಾಡಿದ. ಅವನ ತುಟಿ ನಿಧಾನವಾಗಿ ಆಡಿತು, ಅವಳು ಅದರ ಹಿಂದೆಯೇ ನಡೆದಳು.

“ನಾನು ಚಿಕ್ಕೋನಿದ್ದಾಗ ಮಾರುಕಟ್ಟೇಲಿ ಒಬ್ಬ ಮುದುಕ ಹರಾಜು ಕೂಗ್ತಿದ್ದ. ಒಂದಿನ ಅವನ ಎರಡೂ ಕೈ ತುಂಬ ಹರಾಜಿನ ಚೀಟಿ ಇದ್ವು, ಅದಕ್ಕೇ ತನ್ನ ಉರಿಯೋ ಸಿಗರೇಟನ್ನ ನನ್ನ ಬಾಯಿಗೆ ಇಟ್ಟ. ಆರದ ಹಾಗೆ ಎಳೀತಿರು ಮರಿ ಅಂದ. ಕೆಟ್ಟೋನಲ್ಲ ಅವನು. ನನಗೆ ಊಟ ಹಾಕ್ತಿದ್ದೋನು, ಕೂಗೋದು ಕಲಿಸಿದೋನು. ಹೊಗೆ ಕೆಟ್ಟದ್ದು ಅಂತ ನನಗೆ ಆಗ್ಲೇ ಗೊತ್ತಾಯ್ತು, ಕೆಮ್ಮು ಬಂತಲ್ಲ. ಗೊತ್ತಿದ್ದು ಏನು ಬಂತು? ಅವನಿಗೆ ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ.”

ಶಾಸಕರು ಕೂತಲ್ಲೇ ಇದ್ದರು.

“ಈ ಚಿತ್ರ ತೋರಿಸಿದ್ರೆ ಮಗು ಹೆದರುತ್ತೆ. ಹೆದರಿದ ಮಗು ನನ್ನಂಥೋರನ್ನ ಕಂಡ್ರೆ ಓಡುತ್ತೆ. ಆದ್ರೆ ಮಾರನೇ ದಿನ ತನಗೆ ಬೇಕಾದೋರು ಕೊಟ್ರೆ ಇಸ್ಕೊಳ್ಳುತ್ತೆ. ಪ್ರೀತಿ ಮಾಡೋ ಜನಕ್ಕೆ ಬೇಡ ಅನ್ನೋದು ಹೇಗೆ, ಅದನ್ನ ಕಲಿಸಿ. ಕಾರ್ಖಾನೆಯೋರ ಮಕ್ಕಳು ಅಪ್ಪನ್ನ ಬೈಯೋದು ಬೇಡ. ನನಗೆ ಬೇಡಪ್ಪ ಅಂದ್ರೆ ಸಾಕು.”

ಇಲ್ಲಿಯವರೆಗೆ ಸರಿಯಾಗಿತ್ತು. ಮುಂದಿನದನ್ನು ಓದಿ ಅವಳು ಬಾಯಿ ಮುಚ್ಚಿಕೊಂಡಳು. ಅಪ್ಪ ಗೆಣ್ಣು ಎತ್ತಿದ.

“ಅದು ಅಷ್ಟು ಸುಲಭ ಅಲ್ಲ,” ಎಂದಳು, ನೆಲ ನೋಡುತ್ತ. “ನನ್ನ ಮಗಳನ್ನೇ ನೋಡಿ. ಇಷ್ಟು ದೊಡ್ಡೋಳಾದ್ಲು, ಡಾಕ್ಟರಮ್ಮ ಕೇಳಿದ್ರೆ ಬೇಡ ಅನ್ನೋಕೆ ಆಗ್ದೆ ನನ್ನ ಕುತ್ತಿಗೇನೇ ಕೊಟ್ಬಿಟ್ಟಿದ್ಲು. ಇವಳಿಗೂ ಆ ಪಾಠ ಯಾರೂ ಮಾಡ್ಲಿಲ್ಲ.” ಅಲ್ಲಿಗೆ ನಿಲ್ಲಿಸಲು ನೋಡಿದಳು. ಆದರೆ ಅಪ್ಪ ಇನ್ನೂ ಮುಗಿಸಿರಲಿಲ್ಲ. “ಇನ್ನೊಂದು ಮಾತು. ನಿಮ್ಮ ಡ್ರಾಯರ್ ಮುಚ್ಚಿ ಸಾರ್. ನನಗೆ ವಾಸನೆ ಗೊತ್ತಾಗಲ್ಲ, ಮೂಗಿಂದ ಉಸಿರೇ ಇಲ್ಲ. ಆದ್ರೆ ಒಳಗೆ ಬಂದಾಗಿಂದ ನನ್ನ ಮಗಳ ಮೂಗು ಅರಳ್ತಾನೇ ಇದೆ.”

ಡಾಕ್ಟರಮ್ಮ ಕಣ್ಣು ಮುಚ್ಚಿದರು. ಶಾಸಕರು ಮೊಣಕಾಲಿನಿಂದ ಡ್ರಾಯರನ್ನು ಒಳಕ್ಕೆ ತಳ್ಳಿದರು.

“ನೀನು ಇವರ ಮಾತು ಸೋಸೋದಿಲ್ವೇನಮ್ಮ?” ಎಂದರು.

“ದಿನಾ ಸೋಸ್ತೀನಿ ಸಾರ್. ಇವತ್ತು ಬೇಡ ಅಂದಿದ್ದಾನೆ.”

ಅವರು ಎದ್ದರು. ಬಾಗಿಲವರೆಗೆ ಹೋಗಿ, “ನೋಡೋಣ,” ಎಂದರು. ಅಷ್ಟೇ. ರಾಜಕೀಯದವರ ನೋಡೋಣ ಕತ್ತಲಲ್ಲಿ ಕಂಡ ಹಗ್ಗದ ಹಾಗೆ, ಹಗ್ಗವೋ ಹಾವೋ ಹಿಡಿದವರಿಗೇ ಗೊತ್ತು.

ಹೊರಗೆ ಮೆಟ್ಟಿಲ ಮೇಲೆ ಡಾಕ್ಟರಮ್ಮ ನಿಂತರು. “ಆಗಲ್ಲ ಅಂತ ನನಗೆ ಹೇಳ್ಬೋದಿತ್ತಲ್ಲ ಮಗು.”

“ನೀವು ಅಪ್ಪನ ಜೀವ ಉಳಿಸಿದ್ದೀರಿ.”

“ಅದಕ್ಕೆ?” ಎಂದವರು ಉತ್ತರಕ್ಕೆ ಕಾಯಲಿಲ್ಲ. ಲಕೋಟೆಯನ್ನು ಕಂಕುಳಿಗೆ ಇರುಕಿಕೊಂಡರು. “ಇದು ಬಿದ್ದುಹೋದ್ರೆ ನನಗೆ ಬಹಳ ಸಂಕಟ ಆಗುತ್ತೆ. ನಿನ್ನ ಮೇಲೆ ಸಿಟ್ಟೂ ಬರುತ್ತೆ. ಈಗಲೇ ಹೇಳಿರ್ತೀನಿ.”

ಬಸ್ಸಿನಲ್ಲಿ ಅಪ್ಪ ಮುಖವನ್ನು ಕಿಟಕಿಗೆ ತಿರುಗಿಸಿಕೊಂಡು ಕೂತ. ಅವನು ಸಿಟ್ಟು ತೋರಿಸುವ ರೀತಿ ಅದು. ತುಟಿ ಕಾಣದಿದ್ದರೆ ಅವಳ ಪಾಲಿಗೆ ಲೋಕವೇ ಮೂಕ. ಕಿಟಕಿಯ ಗಾಜಿನಲ್ಲಾದರೂ ಕಾಣುತ್ತದೋ ಎಂದು ಬಗ್ಗಿ ನೋಡಿದಳು. ಮರಗಳು, ಅಂಗಡಿಗಳು ಓಡುತ್ತಿದ್ದವು, ತುಟಿ ಕಾಣಲಿಲ್ಲ. ಇಳಿಯುವ ನಿಲ್ದಾಣ ಬಂದಾಗ ಅಪ್ಪ ತಿರುಗಿದ.

‘ಇನ್ನೊಂದ್ಸಲ ನನ್ನ ಕುತ್ತಿಗೆ ಮಾರೋ ಮೊದಲು ಬೆಲೆ ಕೇಳು.’

ಅವಳಿಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಕಂಡಕ್ಟರ್ ಬೇಗ ಇಳೀರಿ ಅಂದ.

ಆಮೇಲಿನ ದಿನಗಳು ಬಲು ಉದ್ದವಾಗಿದ್ದವು. ಫೋನು ಬಡಿದುಕೊಂಡರೆ ಅವಳು ಕೈಯ ತುತ್ತನ್ನು ತಟ್ಟೆಗೆ ಬಿಟ್ಟು ಓಡುತ್ತಿದ್ದಳು. ಅಮ್ಮ, “ಆ ಫೋನನ್ನ ಬಾವಿಗಾದ್ರೂ ಹಾಕು, ಇಲ್ಲ ನೀನಾದ್ರೂ ಎರಡು ತುತ್ತು ಸರಿಯಾಗಿ ತಿನ್ನು,” ಎಂದು ಗದರಿದಳು. ಟೊಮೆಟೊ ಆರಿಸುವಾಗ ಗುಬ್ಬಿ ಒಡೆದದ್ದನ್ನು ಒಳ್ಳೆಯದರಲ್ಲಿ ಹಾಕಿದಳು. ಅಪ್ಪ ಅದನ್ನು ತೆಗೆದು ಬೇರೆ ಇಟ್ಟ. ತನ್ನ ಒಂದು ಹೂಂನಿಂದ ಎಷ್ಟು ಮಕ್ಕಳ ಪಾಠ ತಪ್ಪಿತೋ ಎಂದು ಅವಳು ಬೀದಿಯ ಮಕ್ಕಳನ್ನೆಲ್ಲ ತಪ್ಪು ಮಾಡಿದವಳ ಹಾಗೆ ನೋಡುತ್ತಿದ್ದಳು.

ಡಾಕ್ಟರಮ್ಮನ ಫೋನು ಒಂದು ಸಂಜೆ ಬಂತು.

“ಶಾಸಕರು ಪಾಠದ ಪರ ಕೈ ಎತ್ತಿದ್ರಮ್ಮ,” ಎಂದರು. ಧ್ವನಿ ದಣಿದಿತ್ತು. “ಕೊನೇ ಗಳಿಗೆವರೆಗೂ ಎತ್ತಲಿಲ್ಲ. ನಾನು ಹೊರಗೆ ನಿಂತು ಬೆವತುಹೋದೆ. ಚಿಕ್ಕ ಮಕ್ಕಳ ಪುಸ್ತಕದಿಂದ ಆ ಚಿತ್ರಗಳನ್ನ ತೆಗೀಬೇಕಂತೆ. ಒಂದು ವರ್ಷ ನಡೆಸಿ ನೋಡಿ ಮುಂದಿನ ಮಾತಂತೆ. ಚಿತ್ರ ಬೇಕು ಅಂತ ನನಗೆ ಈಗಲೂ ಅನಿಸುತ್ತೆ, ಅದು ಬೇರೆ ವಿಷಯ.” ಆಮೇಲೆ ಅಂದರು, “ಮೊದಲ ತರಗತಿಗೆ ಅಪ್ಪ ಬರ್ಬೇಕು. ಬರ್ತಾರೆ ತಾನೇ?”

ಹೂಂ ಎಂಬುದು ಅವಳ ಬಾಯಲ್ಲಿ ಸಿದ್ಧವಾಗಿ ಕೂತಿತ್ತು. ನುಂಗಿದಳು.

“ತಡೀರಿ. ಕೇಳ್ತೀನಿ.”

ಅಪ್ಪ ಕುರ್ಚಿಯಲ್ಲಿ ಕೂತಿದ್ದ. ಅವಳು ಕೇಳಿದಳು. ಅವನು ಬಟ್ಟೆಯ ಅಂಚನ್ನು ಬೆರಳಿಂದ ಸವರಿದ. ಕಿಟಕಿಯಾಚೆ, ಬೀದಿಯ ಆ ಬದಿಯಲ್ಲಿ, ಎದುರುಮನೆಯ ಪುಟ್ಟಿ ಗೋಡೆಗೆ ಚೆಂಡು ಹೊಡೆಯುತ್ತಿತ್ತು.

‘ಮೊದಲು ಅವಳನ್ನ ಕೇಳು. ನಾನು ಅವಳ ಜೊತೆ ಕೂತ್ರೆ ಹೆದರ್ತಾಳಾ ಅಂತ. ಅವಳು ಬೇಡ ಅಂದ್ರೆ ಶಾಲೆಗೂ ಬರಲ್ಲ.’

“ಇನ್ನೊಬ್ಬರನ್ನ ಕೇಳ್ಬೇಕಂತೆ,” ಎಂದಳು ಅವಳು ಫೋನಿಗೆ. “ನಾಳೆ ಹೇಳ್ತೀನಿ.”

ಚಪ್ಪಲಿ ಮೆಟ್ಟಿ ಹೊರಗೆ ಬಂದಳು. ಬೀದಿ ದಾಟುವಾಗ ಪುಟ್ಟಿ ಚೆಂಡನ್ನು ಎದೆಗವಚಿಕೊಂಡು ಅವಳನ್ನೇ ನೋಡಿತು, ಆಮೇಲೆ ಅವಳ ಬೆನ್ನ ಹಿಂದಿನ ಬಾಗಿಲನ್ನು. ಗುಬ್ಬಿ ಎರಡು ಹೆಜ್ಜೆ ದೂರದಲ್ಲೇ ನಿಂತು, ಕುಕ್ಕರಗಾಲಲ್ಲಿ ಕೂತಳು.

“ಪುಟ್ಟೀ, ಒಂದು ಮಾತು ಕೇಳ್ತೀನಿ,” ಎಂದಳು. “ಇಲ್ಲ ಅಂದ್ರೂ ಯಾರೂ ಬೈಯಲ್ಲ.”